ಅಕ್ಕಿಯ ಮೇಲೆ ಬರೆದ ಹೆಸರು

ಡೊಂಬಿವಲಿಯ ನಮ್ಮ ಅಡುಗೆಕೋಣೆಯಲ್ಲಿ ಹೆಸರಿಲ್ಲದ ಪಾತ್ರೆಯೇ ಇಲ್ಲ. ಸ್ಟೀಲಿನ ಲೋಟ, ತಟ್ಟೆ, ಡಬ್ಬಿ ಯಾವುದನ್ನೇ ಎತ್ತಿ ನೋಡಿ, ಅಂಗಡಿಯವನು ಗರ್ರೆನ್ನುವ ಯಂತ್ರದಿಂದ ಚುಕ್ಕೆ ಚುಕ್ಕೆಯಾಗಿ ಕೊರೆದ ಹೆಸರೊಂದು, ಮದುವೆಗೋ ಗೃಹಪ್ರವೇಶಕ್ಕೋ ಅದನ್ನು ಉಡುಗೊರೆ ಕೊಟ್ಟವರದು, ಇದ್ದೇ ಇರುತ್ತದೆ. ನನ್ನ ಬೆಳಗಿನ ಕಾಫಿಯ ಲೋಟದ ಮೇಲೆ ಶಾಂತಿ ಎಂದಿದೆ. ಕೊಟ್ಟಾಕೆ ಮೇಲಿನ ಮಾಳಿಗೆಯವರು. ನೀರಿನ ವಿಷಯಕ್ಕೆ ಆಕೆ ಜಗಳಕ್ಕೆ ನಿಂತರೆ ಸೊಸೈಟಿಯ ಸೆಕ್ರೆಟರಿ ಲಿಫ್ಟಿಗೂ ಕಾಯದೆ ಮೆಟ್ಟಿಲಿಳಿದು ಪರಾರಿಯಾಗುತ್ತಿದ್ದರು. ಸಾರಿನ ಪಾತ್ರೆ ಕೊಟ್ಟ ಸತ್ಯಣ್ಣ ಹೋಟೆಲಿನವರು; ಅವರ ಸಾಂಬಾರಿನಲ್ಲಿ ಬೇಳೆ ಇದೆ ಎಂಬುದು ಅವರೊಬ್ಬರದೇ ಹೇಳಿಕೆ. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ತತ್ವಾರ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಹೆಸರು ಸುಳ್ಳಾದರೆ ಹೀಗೆ ನಗಬಹುದು, ಗೆಳೆಯರೇ. ಅದು ನಿಜವಾಗಿಬಿಟ್ಟರೆ ಏನು ಮಾಡಬೇಕೆಂದು ನನಗೆ ಗೊತ್ತಿಲ್ಲ.

ಉಡುಪಿಯ ಕಡೆಯಿಂದ ಬಂದು ಠಾಣೆ, ಕಲ್ಯಾಣಗಳಲ್ಲಿ ನೆಲೆಸಿದ ನಮ್ಮ ಬಳಗದಲ್ಲಿ ಮಗು ಹುಟ್ಟಿದರೆ ಆಸ್ಪತ್ರೆಯಿಂದ ಮೊದಲ ಫೋನು ಅಜ್ಜಿಗೆ, ಎರಡನೆಯದು ನನಗೆ. ಕಾಲೇಜಿನಲ್ಲಿ ಎರಡು ವರ್ಷ ಸಂಸ್ಕೃತ ಓದಿದ ಒಂದೇ ಪುಣ್ಯಕ್ಕೆ, ಬ್ಯಾಂಕಿನ ಗುಮಾಸ್ತನಾಗಿದ್ದ ನಾನು ಎಲ್ಲರ ಪಾಲಿಗೆ ಹೆಸರಿನ ಮಾಮನಾದೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಆಡುವ ಮಕ್ಕಳಿಗೆ ಎಲ್ಲ ಕಡೆಯೂ ಸಲ್ಲುವ ಹೆಸರು ಬೇಕಲ್ಲ. ಗುಣಗಳ ಹೆಸರಿನಷ್ಟು ಸಲೀಸಾಗಿ ಭಾಷೆಯ ಗಡಿ ದಾಟುವ ಸರಕು ಬೇರೊಂದಿಲ್ಲ. ಆ ಸರಕನ್ನು ಧಾರಾಳವಾಗಿ ಹಂಚಿದೆ. ಗಂಡುಮಕ್ಕಳಿಗೆ ಕೊಟ್ಟದ್ದು ವಿಜಯ, ವಿಕ್ರಮ, ಪ್ರತಾಪ. ಹೆಣ್ಣುಮಕ್ಕಳಿಗೆ ಕೊಟ್ಟದ್ದು ಕ್ಷಮಾ, ದಯಾ, ವಿನಯಾ, ಅಂದರೆ ಇಟ್ಟುಕೊಂಡವರಿಗಿಂತ ಅಕ್ಕಪಕ್ಕದವರಿಗೆ ಹೆಚ್ಚು ಉಪಯೋಗಕ್ಕೆ ಬರುವ ಗುಣಗಳು. ಒಬ್ಬಳು ಕ್ಷಮಿಸುತ್ತಲೇ ಇರಬೇಕಾದರೆ ಇನ್ನೊಬ್ಬ ತಪ್ಪು ಮಾಡುತ್ತಲೇ ಇರಬೇಕು ಎಂಬ ಸಣ್ಣ ವಿಷಯ ನನ್ನ ದೊಡ್ಡ ತಲೆಗೆ ಹೊಳೆದಿರಲಿಲ್ಲ.

ಅಕ್ಕನ ಮಗಳಿಗೆ ಮಾತ್ರ ಬೇರೆ ಬಗೆಯ ಹೆಸರಿಟ್ಟಿದ್ದೆ. ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಮೂರು ಸಲ ಉಸುರಬೇಕಾದ ಭಾವ, ನಾಲಿಗೆ ತೊಡರಿ, ನೀನೇ ಹೇಳು ಮಾರಾಯ ಎಂದು ನನ್ನನ್ನು ಮುಂದೆ ತಳ್ಳಿದ್ದರು. ಧೃತಿ ಎಂದೆ, ಹಿಡಿದ ನೆಲ ಬಿಡದ ಗಟ್ಟಿತನ ಎಂದು ಅರ್ಥ. ಹುಡುಗಿ ಹಾಗೆಯೇ ಬೆಳೆದಳು. ಬೆಳಗಿನ ಲೋಕಲ್ ರೈಲಿನ ಬಾಗಿಲಲ್ಲಿ ದಾರಿ ಕೊಡದೆ ನಿಂತವರನ್ನು ಮೊಣಕೈಯಿಂದ ಸರಿಸಿ ಇಳಿಯುತ್ತಿದ್ದಳು. ಬೇಲಾಪುರದ ಕಟ್ಟಡ ವಿನ್ಯಾಸದ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ ವಾರದಲ್ಲೇ ಮೇಲಧಿಕಾರಿಯ ನಕ್ಷೆಯಲ್ಲಿದ್ದ ತಪ್ಪನ್ನು ಅವನ ಮುಖಕ್ಕೇ ಹೇಳಿ ಬಂದಿದ್ದಳು. ಅಕ್ಕ, ಭಾವ ಬೇಗ ತೀರಿಕೊಂಡಿದ್ದರಿಂದ ಅವಳ ಮದುವೆ ಮಾಡಿಸಿದವನು ನಾನೇ.

ವರನ ಮನೆಯವರು ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯ ವ್ಯಾಪಾರಿಗಳು. ನಮ್ಮ ಕಡೆಯವರೇ, ಆದರೆ ಮೂರು ತಲೆಮಾರು ಇಲ್ಲೇ ಬಾಳಿ, ಇಲ್ಲಿನ ಪದ್ಧತಿಯೊಂದನ್ನು ತಮ್ಮದಾಗಿಸಿಕೊಂಡಿದ್ದರು: ಮದುವೆಯ ದಿನ ತಟ್ಟೆಯ ತುಂಬ ಅಕ್ಕಿ ಹರಡಿ, ಅದರ ಮೇಲೆ ವರನು ಚಿನ್ನದ ಉಂಗುರದಿಂದ ವಧುವಿಗೆ ಹೊಸ ಹೆಸರು ಬರೆಯುವುದು. ಧೃತಿ ಎಂಬುದು ಬಾಯಿಗೆ ಒರಟು, ಮೆತ್ತಗಿನದೊಂದು ಹೇಳಿ ಎಂದು ಅವರು ಹೆಸರಿನ ಮಾಮನನ್ನೇ ಕೇಳಿದರು. ನಾನು ಕಣ್ಣು ಮಿಟುಕಿಸುವುದರೊಳಗೆ ಸಹನಾ ಎಂದೆ. ಎಲ್ಲರೂ ತಲೆದೂಗಿದರು, ನಾನು ಉಬ್ಬಿಹೋದೆ.

"ಮಾಮಾ, ಪೆಹಲಾ ನಾಮ್ ಖರಾಬ್ ಥಾ ಕ್ಯಾ?" ಮೊದಲಿನ ಹೆಸರು ಕೆಟ್ಟದ್ದಿತ್ತೇ ಎಂದು ಅವಳು ಮೆಲ್ಲಗೆ ಕೇಳಿದಳು. ಬರಿಯ ಶಾಸ್ತ್ರವಮ್ಮ ಎಂದು ನಕ್ಕುಬಿಟ್ಟೆ. ತಿಂಗಳೊಳಗೆ ಆಧಾರ್ ಕಾರ್ಡಿನಲ್ಲೂ ಹೆಸರು ಬದಲಾಯಿತು, ಆರು ತಿಂಗಳೊಳಗೆ ಕೆಲಸ ಬಿಡಿಸಿದರು.

ಎರಡನೆಯ ವರ್ಷ, ಒಂದು ಭಾನುವಾರ ಮಧ್ಯಾಹ್ನ, ಹೆಗಲಿಗೊಂದು ಚೀಲ ಹಾಕಿಕೊಂಡು ನಮ್ಮ ಬಾಗಿಲಲ್ಲಿ ನಿಂತಿದ್ದಳು. "ಅವ ಹೊಡೀತಾನೆ ಮಾಮಾ. ನಾನು ವಾಪಸ್ ಹೋಗಲ್ಲ," ಎಂದಳು. ಅವಳಿಗೆ ತವರೆಂದರೆ ನನ್ನ ಮನೆಯೇ. ಆದರೆ ನನ್ನ ಕಣ್ಣಿಗೆ ಕಂಡದ್ದು ಅವಳ ಮುಖವಲ್ಲ, ಬಳಗದವರ ಬಾಯಿ. ಕಾಫಿ ಕೊಟ್ಟೆ, ಬೆನ್ನು ಸವರಿದೆ, ತಾಳಿದವನು ಬಾಳಿಯಾನು ಎಂಬಲ್ಲಿಂದ ಶುರುಮಾಡಿ ಗಂಟೆಗಟ್ಟಲೆ ಉಪದೇಶ ಮಾಡಿದೆ. ಕೊನೆಗೆ, "ಹೆಸರಿಗೆ ತಕ್ಕ ಹಾಗೆ ಇರು ಮಗಾ," ಎಂದೆ. ಸಂಜೆ ಬಸ್ಸಿನಲ್ಲಿ ಜತೆಗೇ ಕೂತು ಕಳಂಬೋಲಿಯ ಮನೆಯೊಳಗೆ ಬಿಟ್ಟುಬಂದೆ. ಮರಳುವಾಗ ಕರ್ತವ್ಯ ಮುಗಿಸಿದ ನೆಮ್ಮದಿಯೂ ಇತ್ತು ಎಂಬುದನ್ನು ನಿಮ್ಮಲ್ಲಿ ಮುಚ್ಚಿಡಲಾರೆ.

ಅವಳು ನನ್ನ ಮಾತು ನಡೆಸಿದಳು. ಒಂಬತ್ತು ವರ್ಷ ದೂರಿಲ್ಲ, ಅಳುವಿಲ್ಲ. ಬಳಗದ ಸಮಾರಂಭಗಳಲ್ಲಿ ಹೆಂಗಸರು ಅವಳನ್ನು ತಮ್ಮ ಸೊಸೆಯರಿಗೆ ತೋರಿಸಿ, ಹೆಸರಿಟ್ಟರೆ ಹೀಗಿಡಬೇಕು ಎಂದು ನನ್ನನ್ನೂ ಹೊಗಳುತ್ತಿದ್ದರು. ಈ ವರ್ಷ ಒಂದು ಮದುವೆಗೆ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಳು. ಬಚ್ಚಲಲ್ಲಿ ಜಾರಿದೆ ಎಂದಳು. ಉಳಿದವರು ನಂಬಿದರು. ನಾನು ಊಟದ ಎಲೆಯಿಂದ ಅರ್ಧಕ್ಕೇ ಎದ್ದೆ. ಈ ಸಲ ಅವಳನ್ನು ಕರೆದುಕೊಂಡೇ ಬರಬೇಕೆಂದು ನಿಶ್ಚಯಿಸಿದೆ.

ಅತ್ತೆಯ ಕಣ್ಣಿನ ಔಷಧಿಗೆ ಅವಳು ಠಾಣೆಗೆ ಬರುತ್ತಾಳೆಂದು ತಿಳಿದು, ಮನೆಗೆ ಮರಳಲು ಅವಳು ಹತ್ತಬೇಕಾದ ಪನ್ವೇಲ್ ಗಾಡಿ ಹೊರಡುವ ಪ್ಲಾಟ್‌ಫಾರಮ್ಮಿನಲ್ಲಿ ಕಾದೆ. ಬೆಂಚಿನ ಪಕ್ಕ ನನಗೆ ಬೆನ್ನು ಹಾಕಿ ನಿಂತಿದ್ದಳು. ಧೃತಿ ಎಂದು ಕರೆದೆ. ಅವಳ ನಾಮಕರಣದ ದಿನ ಕರೆದಂತೆ ಮೂರು ಸಲ ಕರೆದೆ. ಆಚೀಚೆ ನಿಂತ ಅಪರಿಚಿತರು ಇಬ್ಬರು ಹೊರಳಿ ನೋಡಿದರು, ಅವಳು ತಿರುಗಲಿಲ್ಲ. ಸಹನಾ ಎಂದೆ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ಥಟ್ಟನೆ ತಿರುಗಿ ದುಪಟ್ಟಾ ಸರಿಪಡಿಸಿಕೊಂಡಳು.

ಮನೆಯಲ್ಲೊಂದು ಕೋಣೆ ತೆರವು ಮಾಡಿಟ್ಟಿದ್ದೇನೆ, ವಕೀಲರೊಡನೆ ಮಾತಾಡಿದ್ದೇನೆ, ಈಗಲೇ ಹೀಗೇ ನನ್ನ ಜತೆ ಬಾ ಎಂದೆ. ಅಂದು ಬಾಗಿಲು ಮುಚ್ಚಿದ ಪಾಪಿ ನಾನೇ ಎಂದು ಒಪ್ಪಿಕೊಂಡೆ. ಅವಳು ತಾಳ್ಮೆಯಿಂದ, ಹಿರಿಯರ ಮಾತನ್ನು ಕೇಳುವ ರೀತಿಯಲ್ಲೇ ಎಲ್ಲ ಕೇಳಿಸಿಕೊಂಡಳು.

"ಬೇಡ ಮಾಮಾ. ಈಗ ಹೊಡೆದ್ರೂ ನಂಗೆ ಗೊತ್ತಾಗಲ್ಲ," ಎಂದಳು. "ಆದತ್ ಆಗಿದೆ, ರೂಢಿ ಆಗ್ಹೋಗಿದೆ."

ಹಾಗಾದರೆ ನನ್ನನ್ನು ಒಂದು ಮಾತಾದರೂ ಬೈ ಎಂದು ಬೇಡಿಕೊಂಡೆ. ಅವಳಲ್ಲಿ ಒಂದು ಚಿಟಿಕೆ ಸಿಟ್ಟು ಉಳಿದಿದ್ದರೆ ಸಾಕಿತ್ತು, ಅದನ್ನೇ ಹಿಡಿದು ಅವಳನ್ನು ಆ ಮನೆಯಿಂದ ಹೊರಗೆಳೆದೇನು ಎಂಬ ಆಸೆ ನನಗೆ. ಅಷ್ಟರಲ್ಲಿ ಗಾಡಿ ಬಂತು. ಅವಳು ಔಷಧಿಯ ಚೀಲವನ್ನು ಬೆಂಚಿನ ಮೇಲಿಟ್ಟು, ಅಷ್ಟು ಜನರ ನಡುವೆ ಬಾಗಿ, ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದಳು.