ಕೊಳ್ಳುವುದೋ, ಬಾಡಿಗೆಗೋ

ನಮ್ಮ ಎದುರುಮನೆಯ ಟೈಲರಣ್ಣನಿಗೆ ಹಿತ್ತಲಿಗೆ ಬೇಲಿ ಹಾಕಬೇಕು, ಆದರೆ ಕಂಬದ ಗುಂಡಿ ತೋಡುವ ಯಂತ್ರವನ್ನು ಕೊಳ್ಳುವುದೋ, ಬಾಡಿಗೆಗೆ ತರುವುದೋ ಎಂಬುದೇ ಬಗೆಹರಿದಿಲ್ಲ. ಅಳತೆ ಕೊಡಲು ಬಂದವರ ಕೊರಳಿಗೆ ಟೇಪು ಸುತ್ತಿ, "ನೀವೇ ಹೇಳಿ, ಕೊಂಡ್ರೆ ಆಮೇಲೆ ಅದನ್ನ ಏನ್ಮಾಡ್ಲಿ? ಬಾಡಿಗೆಗೆ ತಂದ ದಿನವೇ ಸೊಂಟ ಹಿಡ್ಕೊಂಡ್ರೆ?" ಎನ್ನುತ್ತಾನೆ. ಬಾಡಿಗೆ ಎಂದವರಿಗೆ ಕೊಳ್ಳುವ ಲಾಭವನ್ನೂ, ಕೊಳ್ಳಿ ಎಂದವರಿಗೆ ಬಾಡಿಗೆಯ ಸುಖವನ್ನೂ ವಿವರಿಸುತ್ತಾನೆ. ಅವನ ಗೊಂದಲ ಅಂಟುಜಾಡ್ಯ. ಅಂಗಿ ಹೊಲಿಸಲು ಹೋದ ನಾನು, ಅಂಗಿಯನ್ನೇ ಬಾಡಿಗೆಗೆ ತರಬಹುದಿತ್ತೇನೋ ಎಂದುಕೊಂಡು ಮರಳಿದೆ. ಸಂಜೆ ಹಿತ್ತಲಲ್ಲಿ, ಬೇಲಿ ಬರಬೇಕಾದ ಗೆರೆಯಾಚೆ ನಿಂತ ತನ್ನ ತಮ್ಮನನ್ನೂ ಟೈಲರಣ್ಣ ಅದನ್ನೇ ಕೇಳುತ್ತಾನೆ. ಜಗಳವಾಡಿ ಪಾಲು ತೆಗೆದುಕೊಂಡ ತಮ್ಮ; ಬೇಲಿ ಹಾಕಬೇಕಾಗಿರುವುದೇ ಅವನನ್ನು ಆಚೆಗಿಡಲು. "ಗಡಿಬಿಡಿ ಬೇಡ ಅಣ್ಣ, ನಾಳೆ ಮಾತಾಡೋಣ," ಎನ್ನುತ್ತಾನೆ ಅವನು. ಪಾಲಾದ ಮೇಲೆ ಅಣ್ಣತಮ್ಮಂದಿರ ನಡುವೆ ಉಳಿದಿರುವ ಮಾತು ಇದೊಂದೇ.