ಬಸಣ್ಣನಿಗೆ ಯಾವ ಮದ್ದು?

ಮಧ್ಯಾಹ್ನದ ಊಟದವರೆಲ್ಲ ಎದ್ದುಹೋದ ಮೇಲೆ ಸಿಂಧನೂರಿನ ನನ್ನ ಖಾನಾವಳಿಯ ಅಡುಗೆಮನೆಯಲ್ಲಿ ಉಳಿದವರು ಮೂವರೇ: ಜೋಳದ ಹಿಟ್ಟಿನ ಡಬ್ಬಿಗೆ ಬೆನ್ನು ಕೊಟ್ಟು ಕಾಲು ಚಾಚಿದ್ದ ನಾನು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡಿದ್ದ ಡಿಗ್ರಿ ಓದುವ ಮಗಳು ಶಿಲ್ಪಾ, ಮತ್ತು ಹನ್ನೊಂದು ವರ್ಷದಿಂದ ನನ್ನ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಬಂದ ಹುಸೇನ್‌ಬಿ. ಆಕೆ ಬರುವ ಸೋಮವಾರದಿಂದ ಲಿಂಗಸುಗೂರಿನ ಇನ್ನೊಂದು ಖಾನಾವಳಿಗೆ ಹೋಗುವವಳಿದ್ದಳು. ಯಾಕೆಂದು ಕೇಳಿದರೆ "ಹಂಗ ಸುಮ್ನ ಅಕ್ಕಾರ" ಎನ್ನುವುದನ್ನು ಬಿಟ್ಟು ಬೇರೆ ಮಾತಿಲ್ಲ. ತುರ್ವಿಹಾಳದಿಂದ ಬರುವ ಭತ್ತದ ವ್ಯಾಪಾರಿಗಳು ನನ್ನ ಹೊಸ್ತಿಲು ದಾಟುವುದೇ ಅವಳ ಕೈರೊಟ್ಟಿಗಾಗಿ. ಅವಳನ್ನು ಹೇಗಾದರೂ ಉಳಿಸಿಕೊಳ್ಳಬೇಕೆಂಬ ಒಂದೇ ಯೋಚನೆಯಲ್ಲಿ ನಾನು ಬಳಲಿಹೋಗಿದ್ದೆ.

ಶಿಲ್ಪಾ ಅದರಲ್ಲಿ ಆಡುತ್ತಿದ್ದ ಆಟದ ಬಗ್ಗೆ ನಿಮಗೆ ಹೇಳಬೇಕು. ಯಾವುದೋ ಬರಡು ನೆಲದಲ್ಲಿ ಏಳೆಂಟು ಜನರನ್ನು ಇಳಿಸಿ, ಅವರಿಂದ ಹೊಲ ಮಾಡಿಸಿ, ಮನೆ ಕಟ್ಟಿಸಿ, ಒಂದು ಊರನ್ನು ಬಾಳಿಸುವ ಆಟವದು. ಪ್ರತಿಯೊಬ್ಬರ ಹೆಸರಿನ ಕೆಳಗೂ ಅವರ ಮನಸ್ಸನ್ನು ಅಳೆಯುವ ಒಂದು ಗೆರೆ. ಗೆರೆ ತೀರಾ ಇಳಿದರೆ ಕೆಲಸ ಬಿಟ್ಟು ಅಳುತ್ತಾರೆ, ಇಲ್ಲವೇ ಸಿಕ್ಕಿದ್ದನ್ನು ಎಸೆಯುತ್ತಾರೆ. ಆ ಊರಿನ ಕಮ್ಮಾರನಿಗೆ ಇವಳು ನನ್ನ ಅಣ್ಣ ಬಸಣ್ಣನ ಹೆಸರಿಟ್ಟಿದ್ದಳು.

"ಅವ್ವಾ, ಬಸಣ್ಣ ಮಾವ ಮತ್ತ ಗಂಗಾಳಾ ಒಗದಾನ ನೋಡು."

"ಖರೇ ಬಸಣ್ಣನೂ ಅದನ್ನ ಮಾಡ್ತಾನ. ಸಾರಿನ್ಯಾಗ ಉಪ್ಪು ಕಮ್ಮಿ ಬಿದ್ದಿರಬೇಕು" ಎಂದೆ.

ಕುಸಿದ ಮನಸ್ಸನ್ನು ಎತ್ತಲು ಆ ಆಟದಲ್ಲಿ ಮೂರು ಮದ್ದುಗಳುಂಟಂತೆ. ಹೊಗೆಸೊಪ್ಪು ಸೇದಿದರೆ ಮೈಮನ ಹಗುರಾಗುತ್ತದೆ, ಆದರೆ ಕೈ ನಿಧಾನವಾಗಿ ಒಂದು ಕುಡುಗೋಲು ಬಡಿಯುವಷ್ಟರಲ್ಲಿ ದಿನವೇ ಮುಗಿದಿರುತ್ತದೆ. ನೀಲಿ ಕಷಾಯ ಕುಡಿದವನು ಅರ್ಧ ದಿನ ಮದುವೆಮನೆಯ ಬೀಗನಂತೆ ಬೀಗುತ್ತಾನೆ. ಅಮಲು ಇಳಿದಾಗ ಮೊದಲಿಗಿಂತ ಒಂದು ಮೆಟ್ಟಿಲು ಕೆಳಗೇ ನಿಂತಿರುತ್ತಾನೆ. ಹಳದಿ ಗುಳಿಗೆಯ ಗುಣ ಇನ್ನೂ ವಿಚಿತ್ರ: ನುಂಗಿದವನಿಗೆ ದಣಿವೇ ತಿಳಿಯುವುದಿಲ್ಲ, ತಿಳಿಯದ ಮಾತ್ರಕ್ಕೆ ದಣಿವು ಎಲ್ಲಿಯೂ ಹೋಗಿರುವುದಿಲ್ಲವಾದ್ದರಿಂದ ಒಂದು ದಿನ ನಿಂತಲ್ಲಿಯೇ ಕುಸಿದುಬೀಳುತ್ತಾನೆ. ಯಾವುದು ಬೇಗ ಹತ್ತುತ್ತದೆ, ಯಾವುದು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಮೂರನ್ನೂ ಹಾಳೆಯ ಮೇಲೆ ಬರೆದುಕೊಂಡು ಶಿಲ್ಪಾ ತೂಗಿ ನೋಡುತ್ತಿದ್ದಳು.

ಕೇಳುತ್ತ ಕೂತ ನನಗೆ ನನ್ನವೇ ಮದ್ದುಗಳು ನೆನಪಾದವು. ಹುಸೇನ್‌ಬಿಯ ಮುಖ ಬಾಡಿದಾಗ ಚಹಾ, ಕೈ ನಿಧಾನವಾದಾಗ ಎಲೆಅಡಿಕೆ, ಮೊಣಕಾಲು ಹಿಡಿದುಕೊಂಡಾಗ ಅಂಗಡಿಯಿಂದ ತರಿಸಿದ ನೋವಿನ ಗುಳಿಗೆ, ರಂಜಾನಿಗೆ ಒಳ್ಳೆಯದೊಂದು ಸೀರೆ. ನನ್ನ ಅಜ್ಜಿ ಸುಸ್ತನ್ನೂ ಬ್ಯಾಸರವನ್ನೂ ಎಂದೂ ಒಂದೇ ಪಾತ್ರೆಗೆ ಸುರಿದವಳಲ್ಲ. ಸುಸ್ತಾದವರಿಗೆ ಹಾಸಿಗೆ ಹಾಸಿಕೊಡುತ್ತಿದ್ದಳು, ಬ್ಯಾಸರಪಟ್ಟವರ ಹತ್ತಿರ ಹೋಗಿ ಸುಮ್ಮನೆ ಕೂರುತ್ತಿದ್ದಳು. ಅವಳಿಂದ ಆ ಎರಡು ಮಾತು ಕಲಿತ ನಾನು ಆ ಕೂರುವುದನ್ನು ಮಾತ್ರ ಕಲಿಯಲಿಲ್ಲ; ಖಾನಾವಳಿಯಲ್ಲಿ ಅದಕ್ಕೆ ಪುರಸೊತ್ತಾದರೂ ಎಲ್ಲಿ, ನೀವೇ ಹೇಳಿ.

ಅಷ್ಟರಲ್ಲಿ ಹುಸೇನ್‌ಬಿ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದು ಶಿಲ್ಪಾಳ ಹೆಗಲ ಮೇಲಿಂದ ಬಗ್ಗಿ ನೋಡಿದಳು.

"ಅಂವ ಮಲಗೂದು ಎಲ್ಲಿ, ಬೇಟಿ?"

"ಇಲ್ಲೇ ಚಾಚಿ, ಕುಲುಮಿ ಬಾಜೂಕ. ಕೆಲಸಕ್ಕ ಹತ್ರ ಆಕೈತಂತ ಅಲ್ಲೇ ಹಾಕೀನಿ."

"ಕಿಟಕಿ?"

"ಕಿಟಕಿ ಯಾಕ ಚಾಚಿ? ಇದು ಆಟ."

"ಆಟ ಖರೆ. ಹಗಲೆಲ್ಲಾ ಬೆಂಕಿ ಮುಂದ ಕುಂತು, ಮತ್ತ ಬೆಂಕಿ ಬಾಜೂಕ ಮಲ್ಕೊಂಡ್ರ ನಿನ್ನ ಗುಳಿಗಿ ಏನ್ ಮಾಡತೈತಿ? ಅಂವಗ ಮದ್ದು ಬ್ಯಾಡ. ಒಂದ್ ಗ್ವಾಡಿ ಒಡಿ."

ಶಿಲ್ಪಾ ಕಮ್ಮಾರನ ಮುಖದ ಮೇಲೆ ಒತ್ತಿದಳು. ಅವನ ದುಃಖಗಳ ಪಟ್ಟಿಯೇ ತೆರೆದುಕೊಂಡಿತು. ಅದರ ಮೊದಲ ಸಾಲಿನಲ್ಲೇ ಕೋಣೆಯ ಧಗೆ ಇತ್ತು. ಇಷ್ಟು ದಿನವೂ ಅದು ಅಲ್ಲಿಯೇ ಇತ್ತಂತೆ, ಒತ್ತಿ ನೋಡಿರಲಿಲ್ಲ ಅಷ್ಟೆ. ಅವಳು ಗೋಡೆ ಒಡೆದಳು, ಗೆರೆ ಮೆಲ್ಲಗೆ ಏರತೊಡಗಿತು.

ನಾನು ನಮ್ಮ ಒಲೆಯ ಹಿಂದಿನ ಗೋಡೆ ನೋಡಿದೆ. ಮೊದಲು ಅಲ್ಲೊಂದು ಕಿಟಕಿ ಇತ್ತು. ಪಾತ್ರೆಗಳ ಕಪಾಟಿಗೆ ಜಾಗ ಸಾಲದೆಂದು ಅದಕ್ಕೆ ಇಟ್ಟಿಗೆ ತುಂಬಿಸಿದವಳು ನಾನೇ. ಹುಸೇನ್‌ಬಿ ಅದರ ಬಗ್ಗೆ ಎಂದೂ ಒಂದು ಮಾತಾಡಿರಲಿಲ್ಲ. ಈಗಲಾದರೂ ಕೇಳಬಹುದಿತ್ತು, ಆದರೆ ಕೇಳಿದರೆ ಇಷ್ಟು ವರ್ಷ ಯಾಕೆ ಕೇಳಲಿಲ್ಲವೆಂಬುದಕ್ಕೂ ಉತ್ತರ ಕೊಡಬೇಕಾಗುತ್ತಿತ್ತು. "ಚಹಾ ಕಾಸಲೇನು?" ಎಂದಷ್ಟೇ ಕೇಳಿದೆ.

"ಕಾಸ್ರಿ" ಎಂದಳು.

ಸೋಮವಾರ ಅವಳು ಬಸ್ಸು ಹತ್ತಿದಳು. ಮಸ್ಕಿ ದಾಟಿದೆನೆಂದು ಫೋನು ಮಾಡಿ, ಹಿಟ್ಟಿಗೆ ಬಿಸಿನೀರು ಎಷ್ಟು ಹಾಕಬೇಕೆಂದು ನನಗೆ ಹೇಳಿದಳು. ಮೂರು ದಿನ ನಾನೇ ಒಲೆಯ ಮುಂದೆ ಕೂತೆ. ಎರಡನೆಯ ದಿನವೇ ನೋವಿನ ಗುಳಿಗೆ ನುಂಗಿದೆ. ಗುರುವಾರ ಖಾನಾವಳಿಗೆ ಬೀಗ ಹಾಕಿ, ಆ ಗೋಡೆ ಒಡೆಸಲು ಗೌಂಡಿಯನ್ನು ಕರೆಸಿದೆ. ಕಿಟಕಿ ಎಷ್ಟು ಎತ್ತರದಲ್ಲಿರಬೇಕೆಂದು ಅವನು ಕೇಳಿದಾಗ ನನಗೂ ತಿಳಿಯದೆ ಹುಸೇನ್‌ಬಿಗೆ ಫೋನು ಹಚ್ಚಿದೆ.

"ಕುಂತವ್ರ ಮಾರಿಗೆ ಗಾಳಿ ಬಡಿಯೂಹಂಗ ಇಡಸ್ರಿ ಅಕ್ಕಾರ. ನಿಂತವ್ರ ಮಟ್ಟಕ್ಕ ಬ್ಯಾಡ."

"ಅಲ್ಲೆ ನಿನಗ ಹೆಂಗೈತಿ?"

"ಅಂಗಳದಾಗ ಒಲಿ ಐತ್ರಿ" ಎಂದಳು.

ವಾಪಸು ಬಾ ಎನ್ನಲು ನನಗೆ ಬಾಯಿ ಬರಲಿಲ್ಲ. ಒಲೆಯ ಮುಂದೆ ಕೂತು, ನನ್ನ ಮುಖದ ನೇರಕ್ಕೆ ಗೋಡೆಯ ಮೇಲೆ ಇದ್ದಿಲಿನಿಂದ ಗುರುತು ಹಾಕಿಸಿದೆ. ಭಾನುವಾರದಿಂದ ಸಾಲಗುಂದದಿಂದ ಬಂದ ಯಲ್ಲಮ್ಮ ಆ ಕಿಟಕಿಯ ಮುಂದೆ ರೊಟ್ಟಿ ಬಡಿಯುತ್ತಿದ್ದಾಳೆ.