ಆಗು, ಆಗ್ಲಿ

'ಆಗು' ಎಂಬ ಎರಡಕ್ಷರದಷ್ಟು ನನ್ನನ್ನು ಹೆದರಿಸುವ ಪದ ಯಾವ ನಿಘಂಟಿನಲ್ಲೂ ಇಲ್ಲ. ಕನ್ನಡದಲ್ಲಿ ಅದು ಆಶೀರ್ವಾದ, 'ದೊಡ್ಡವನಾಗು' ಎಂಬಂತೆ. ತೆಲುಗಿನಲ್ಲಿ 'ನಿಲ್ಲು' ಎಂಬ ಅಪ್ಪಣೆ. ಆಂಧ್ರದ ಗಡಿಯ ಆದವಾನಿಯವರಾದ ನಾವೋ, ವಾಕ್ಯವನ್ನು ಕನ್ನಡದಲ್ಲಿ ಹತ್ತಿ ತೆಲುಗಿನಲ್ಲಿ ಇಳಿಯುವ ಜನ.

ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತ, ಗಡಿಯಾರವಿಲ್ಲದ ಚಿಪ್ ಮಾಡುವ ಹುಚ್ಚನ್ನು ನಾನು ಹಚ್ಚಿಕೊಂಡಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ತೆಂಗಿನ ಚಿಪ್ಪಲ್ಲ, ಗಣಕಯಂತ್ರದ ಚಿಪ್. ಲೋಕದ ಚಿಪ್‌ಗಳಲ್ಲಿ ಒಂದು ಗಡಿಯಾರ ಮಿಡಿದಂತೆ ಎಲ್ಲ ಭಾಗಗಳೂ ಒಟ್ಟಿಗೆ ಹೆಜ್ಜೆ ಹಾಕುತ್ತವೆ. ನನ್ನದರಲ್ಲಿ ಅಂಥ ಯಜಮಾನನೇ ಇಲ್ಲ, ಪ್ರತಿ ಭಾಗವೂ ಪಕ್ಕದ್ದನ್ನು 'ಕೊಡಲೇ?' ಎಂದು ಕೇಳಿ, 'ಹ್ಞೂಂ' ಬಂದಮೇಲಷ್ಟೇ ಕೊಡುತ್ತದೆ. ಎಂಥ ಸಭ್ಯ ಸಂಸಾರ ಎಂದು ಬೀಗುತ್ತಿದ್ದೆ.

ಪೆದ್ದಹರಿವಾಣದ ನಮ್ಮ ಹೊಲದ ಬಾವಿಯೊಳಗೆ, ಕಲ್ಲುಕಟ್ಟೆಯ ಮೇಲಿದ್ದ ಮೋಟಾರು ಒಂದು ಮಧ್ಯಾಹ್ನ ಮುನಿಸಿಕೊಂಡಿತು. ಮೇಷ್ಟ್ರೆಂಬ ಜಂಬದಿಂದ ನಾನೇ ಇಳಿದೆ. ಮೇಲೆ ಶೆಡ್ಡಿನಲ್ಲಿ, ಸ್ಟಾರ್ಟರಿನ ಬಳಿ ನಮ್ಮ ಕಾಕಾ. ಅವರಿಗೆ ನಾನು ಕಾಣೆ, ನನಗೆ ಅವರು ಕಾಣರು. ನಡುವೆ ಮಾತು ದಾಟಿಸಲು ಬಾವಿಯ ದಡದಲ್ಲಿ ಹೆಂಡತಿ ರುಕ್ಮಿಣಿ.

ತಂತಿಯ ತುದಿಗಳಿನ್ನೂ ಬೆರಳಲ್ಲಿದ್ದಾಗಲೇ ಮೇಲಿಂದ ರುಕ್ಮಿಣಿಯ ದನಿ: "ಕಾಕಾ ಕೇಳ್ತಾರ, ಹಾಕ್ಲ್ಯಾ ಅಂತ!"

ಗಾಬರಿಯಲ್ಲಿ ನಾಲಗೆಗೆ ಬಂದದ್ದು ಶಾಲೆ ಕಲಿಸಿದ ತೆಲುಗು: "ಆಗು! ಆಗು!" ಹಾಳು ಬಾವಿ ಅದರ ಬಾಲ ನುಂಗಿ, ಬರೀ 'ಆಗ್' ಎಂಬ ಗುಂಯ್ಗುಡುವ ಸದ್ದನ್ನು ಮೇಲೆ ಕಳಿಸಿತು.

"ಕಾಕಾ, ಆಗ್ಲಿ ಅಂತಾರ್ರೀ!"

ಕೈ ಹೇಗೆ ಕಿತ್ತುಕೊಂಡೆನೋ ದೇವರೇ ಬಲ್ಲ. ನಾನು ಬಿಟ್ಟ ತಂತಿ ಚಟ್ಟನೆ ನೀಲಿ ಕಿಡಿ ಉಗುಳಿತು. ಸತ್ತೆನೆಂದೇ ತಿಳಿದು, ಕಲ್ಲಿಗೆ ಬೆನ್ನು ಹಚ್ಚಿ ಕುಸಿದೆ. ಕೂಗಲು ಉಸಿರೂ ಇರಲಿಲ್ಲ.

"ಅಯ್ಯಯ್ಯೋ, ಬಂದ್ ಮಾಡ್ರೀ ಕಾಕಾ!" ಎಂದು ಚೀರಿದ ರುಕ್ಮಿಣಿ, ನಾನು ಮೇಲೆ ಬಂದಮೇಲೆ ನನ್ನ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತ ಅತ್ತಳು. "ನೀವ ಆಗ್ಲಿ ಅಂದ್ರಲ್ರೀ!"

ಅಂದಿನಿಂದ ನನ್ನ ಚಿಪ್‌ಗಳಲ್ಲಿ 'ಹೌದು' ಎನ್ನಲು ಒಂದು ತಂತಿ, 'ಅಲ್ಲ' ಎನ್ನಲು ಇನ್ನೊಂದು. ಎರಡೂ ಸುಮ್ಮನಿದ್ದರೆ ಚಿಪ್ ನಿಂತೇ ಇರುತ್ತದೆ. "ಕೆಟ್ಟೈತೇನ್ರಿ ಸರ್?" ಎಂದು ವಿದ್ಯಾರ್ಥಿಗಳು ನಗುತ್ತಾರೆ, ನಗಲಿ. ತಪ್ಪು 'ಹ್ಞೂಂ' ಬರುವುದಕ್ಕಿಂತ ಉತ್ತರವೇ ಬಾರದಿರುವುದು ಮೇಲು, ಅಲ್ಲವೇ ಮಿತ್ರರೇ?

ಆದರೆ ಭಯಕ್ಕೆ ಬೇರೆ ತಂತಿ ಎಳೆಯುವ ವಿದ್ಯೆ ನನಗೆ ಬಾರದು. ಊಟದ ಹೊತ್ತಿಗೆ ರುಕ್ಮಿಣಿ ಸಾರಿನ ಸೌಟು ಹಿಡಿದು "ಹಾಕ್ಲ್ಯಾ?" ಎಂದರೆ ನಾನು ಥಟ್ಟನೆ ತಟ್ಟೆಯಿಂದ ಕೈ ತೆಗೆಯುತ್ತೇನೆ. ಆಕೆಯೂ ನಗುವುದಿಲ್ಲ, ನನ್ನ ಎರಡೂ ಕೈಗಳನ್ನು ಕಣ್ಣಾರೆ ಕಂಡಮೇಲೆಯೇ ಸೌಟು ಬಗ್ಗಿಸುತ್ತಾಳೆ.